ರಾಗಿ ಬೀಸೋ ಮಿಲ್ಲಲ್ಲ, ಕಬ್ಬಿಣ ಕೆತ್ತೋ ಮಿಲ್ಲು!

ಮನೆಗೆ ಮಿಲ್ಲಿಂಗ್ ಮೆಷಿನ್ ತರಿಸ್ತಾ ಇದೀವಿ ಅಂತ ಬಿಟಿಎಂ ಲೇಔಟ್‌ನಲ್ಲಿ ಯಾರಾದರೂ ಬಾಯಿಬಿಟ್ಟರೆ ಪಕ್ಕದ ಮನೆಯಿಂದ ಬರುವ ಮೊದಲ ಪ್ರಶ್ನೆ ಗೊತ್ತೇ ಇದೆ: ‘ರಾಗಿ ಕೆ.ಜಿ.ಗೆ ಎಷ್ಟು ತಗೋತೀರಿ?’

ರಾಗಿಯೂ ಇಲ್ಲ, ಮೆಣಸಿನಪುಡಿಯೂ ಇಲ್ಲ ಸ್ವಾಮಿ. ಇದು ಕಬ್ಬಿಣ ಕೆತ್ತುವ ಯಂತ್ರ. ಲೇತು ಎಲ್ಲರಿಗೂ ಗೊತ್ತು. ಅಲ್ಲಿ ಜಾಬು ತಿರುಗುತ್ತೆ, ಉಳಿ ನಿಂತಿರುತ್ತೆ. ಮಿಲ್ಲಿಂಗ್ ಮೆಷಿನ್‌ನಲ್ಲಿ ಅದು ಉಲ್ಟಾ. ಹಲ್ಲು ಹಲ್ಲಿನ ಕಟರ್ ಗಿರ್ರನೆ ತಿರುಗುತ್ತೆ, ಜಾಬನ್ನು ಬಿಗಿದಿಟ್ಟ ಟೇಬಲ್ಲು ಹಿಡಿ ತಿರುಗಿಸಿದ ಹಾಗೆ ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಮೇಲಕ್ಕೆ ಸರಿಯುತ್ತೆ. ದುಂಡಗಿನ ಕೆಲಸ ಲೇತಿನದು. ಚಪ್ಪಟೆ, ಗಾಡಿ, ಚೌಕ, ಗೇರಿನ ಹಲ್ಲು ಇವೆಲ್ಲ ಮಿಲ್ಲಿನವು. ಪಂಪಿನ ಶಾಫ್ಟಿನ ಮೇಲೆ ಬೆರಳಷ್ಟು ಉದ್ದದ ಗಾಡಿ ಇರುತ್ತಲ್ಲ, ಕೀ ಕೂರುವ ಜಾಗ, ಅದನ್ನು ಕೊರೆಯೋದು ಇದೇ. ಮೂಲೆ ಅಂಗಡಿಯ ಕಬ್ಬಿನ ಹಾಲಿನ ಮೆಷಿನ್ನಿನಲ್ಲಿ ಒಂದನ್ನೊಂದು ಕಚ್ಚಿಕೊಂಡು ತಿರುಗುವ ಗೇರುಗಳಿಗೂ ಹಲ್ಲು ಹುಟ್ಟಬೇಕಾದರೆ ಇಂಥದೊಂದು ಯಂತ್ರ ಬೇಕು.

ಇಂಥ ಮೆಷಿನ್ ಕಾರ್ಖಾನೆಯಲ್ಲಿರಬೇಕು, ಮನೆಯಲ್ಲಿ ಯಾಕೆ ಅಂತ ಕೇಳಬಹುದು. ಬಿಟಿಎಂನಲ್ಲಿ ಈ ಪ್ರಶ್ನೆ ಕೇಳುವವರು ಊರಿನ ಹಳೇ ಕಥೆ ಮರೆತವರೇ ಸರಿ.

ಮೈಕೋ ಸೈರನ್ ಕೇಳಿದ ಕಿವಿಗಳು

ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರಿನ ತಲೆಯಕ್ಷರ ಸೇರಿಸಿ ಬಿಟಿಎಂ ಆಯಿತು. ಎರಡನೇ ಹಂತದಲ್ಲಿ ಇವತ್ತಿಗೂ ಜನ ‘ಮೈಕೋ ಲೇಔಟ್’ ಅಂತಾರೆ, ಪೊಲೀಸ್ ಠಾಣೆಗೂ ಅದೇ ಹೆಸರು. ಆ ಮೈಕೋ ಅಂದರೆ ಆಡುಗೋಡಿಯ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1953ರಲ್ಲಿ ಅಲ್ಲಿ ಕಾರ್ಖಾನೆ ಶುರುವಾಯಿತು. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು, ನಾಝಲ್ಲು ಮಾಡುತ್ತಿದ್ದ ಕಂಪನಿ. ಕೂದಲೆಳೆಯ ಹತ್ತನೇ ಭಾಗದ ಲೆಕ್ಕದಲ್ಲಿ ಕೆಲಸ ಮಾಡುವ ಫಿಟ್ಟರು, ಟರ್ನರು, ಮಿಲ್ಲರುಗಳಿಗೆ ಅನ್ನ ಕೊಟ್ಟ ಜಾಗ ಅದು. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯಿತು. ಆಮೇಲೆ ತಯಾರಿಕೆ ಬಿಡದಿ ಕಡೆಗೆ ಹೋಯಿತು. 2022ರ ಜೂನ್‌ನಲ್ಲಿ ಆಡುಗೋಡಿಯ ಅದೇ ನೆಲದಲ್ಲಿ ಗಾಜಿನ ಕಟ್ಟಡಗಳ ‘ಸ್ಮಾರ್ಟ್ ಕ್ಯಾಂಪಸ್’ ಉದ್ಘಾಟನೆಯಾಯಿತು. ಎಣ್ಣೆ ವಾಸನೆ ಹೋಗಿ ಏಸಿ ವಾಸನೆ ಬಂತು ಅನ್ನಿ.

ಆದರೆ ಕೈಯಲ್ಲಿದ್ದ ಕಸುಬು ಬಿಡದಿಗೆ ಹೋಗಲಿಲ್ಲ. ರಿಟೈರಾದವರ ಜೊತೆ ಇಲ್ಲೇ ಮನೆಯಲ್ಲಿ ಉಳಿಯಿತು. ಬನ್ನೇರುಘಟ್ಟ ರಸ್ತೆ ಕಡೆ ಎನ್.ಎಸ್. ಪಾಳ್ಯ, ಈ ಕಡೆ ಗುರಪ್ಪನಪಾಳ್ಯ, ತಾವರೆಕೆರೆ, ಎಲ್ಲ ಕಡೆ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಲೇತು ತಿರುಗಿದ ಜಾಗ ಇದು. ಹಾಗಾಗಿ ಕಾರು ನಿಲ್ಲಿಸಬೇಕಾದ ಜಾಗದಲ್ಲಿ ಕಬ್ಬಿಣದ ಆನೆ ತಂದು ಕಟ್ಟುವ ಹುಚ್ಚು ಇಲ್ಲಿಗೆ ಹೊಸದೇನಲ್ಲ.

ಎಲ್ಲಿಂದ ಬಂತು ಈ ಆನೆ?

ಇದರ ಹುಟ್ಟು ಅಮೆರಿಕದಲ್ಲಿ. ಬ್ರೌನ್ ಆಂಡ್ ಶಾರ್ಪ್ ಕಂಪನಿಯ ಜೋಸೆಫ್ ಬ್ರೌನ್ ಎಂಬಾತ 1860ರ ದಶಕದ ಶುರುವಿನಲ್ಲಿ ‘ಯೂನಿವರ್ಸಲ್’ ಮಿಲ್ಲಿಂಗ್ ಮೆಷಿನ್ ಮಾಡಿದ. ಡ್ರಿಲ್ ಬಿಟ್ಟಿನ ಮೈಮೇಲೆ ಸುರುಳಿ ಗಾಡಿ ಇರುತ್ತಲ್ಲ, ಅದನ್ನು ಅಲ್ಲಿಯವರೆಗೆ ಅರ ಹಿಡಿದು ಕೈಯಲ್ಲೇ ಉಜ್ಜುತ್ತಿದ್ದರಂತೆ! ಆ ತಾಪತ್ರಯ ತಪ್ಪಿಸೋಕೆ ಹುಟ್ಟಿದ ಯಂತ್ರ ಇದು. 1938ರಲ್ಲಿ ಅಲ್ಲೇ ಬ್ರಿಜ್‌ಪೋರ್ಟ್ ಎಂಬ ಇನ್ನೊಂದು ಜಾತಿ ಬಂತು. ತಲೆಯನ್ನು ಹೇಗೆ ಬೇಕಾದರೂ ಓರೆ ಮಾಡಬಹುದು, ತೂಕ ಒಂದು ಟನ್ನಿನ ಆಸುಪಾಸು. ನಮ್ಮ ಕಡೆ ಇದೇ ಧಾಟಿಯ ಮೆಷಿನ್ನಿಗೆ ಗ್ಯಾರೇಜು ಹುಡುಗರು ‘ಎಂ-ವನ್-ಟಿಆರ್’ ಅಂತಾರೆ. ಮನೆಗೆ ತರುವವರ ಕಣ್ಣು ಹೆಚ್ಚಾಗಿ ಇದರ ಮೇಲೆಯೇ.

ಬೆಂಗಳೂರಿಗೆ ಬರೋಣ. 1953ರಲ್ಲಿ ಜಾಲಹಳ್ಳಿಯ ಬಯಲಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿತು. ಸ್ವಿಜರ್ಲೆಂಡಿನ ಓರ್ಲಿಕಾನ್ ಕಂಪನಿ ಜೊತೆ ಸೇರಿ ಮೊದಲು ಮಾಡಿದ್ದು ಲೇತು. ಮಿಲ್ಲಿಂಗ್ ಮೆಷಿನ್ ವಿದ್ಯೆ ಬಂದದ್ದು ಜರ್ಮನಿಯ ಫ್ರಿಟ್ಜ್ ವರ್ನರ್ ಕಂಪನಿಯಿಂದ. ಅದೇ ಫ್ರಿಟ್ಜ್ ವರ್ನರ್ ಹೆಸರಿನಲ್ಲಿ 1961ರಲ್ಲಿ ತುಮಕೂರು ರಸ್ತೆ ಕಡೆ ಖಾಸಗಿಯಾಗಿ ಭಾರತ್ ಫ್ರಿಟ್ಜ್ ವರ್ನರ್ ಶುರುವಾಯಿತು. ಕಸುಬಿನವರ ಬಾಯಲ್ಲಿ ಅದು ‘ಬಿಎಫ್‌ಡಬ್ಲ್ಯೂ’. ಹೆಚ್‌ಎಂಟಿ ಅಂದರೆ ಇವತ್ತಿನ ಹುಡುಗರಿಗೆ ಕೈಗಡಿಯಾರ ಮಾತ್ರ ನೆನಪಾಗುತ್ತೆ. ಗಡಿಯಾರ ಬಂದದ್ದು ಆಮೇಲೆ. ಹೆಸರಲ್ಲೇ ಇದೆಯಲ್ಲ, ಮೆಷಿನ್ ಟೂಲ್ಸ್ ಅಂತ. ಯಂತ್ರ ಹೆರುವ ಯಂತ್ರ. ಮೊದಲ ಕಾರ್ಖಾನೆಯ ಲಾಭದ ದುಡ್ಡಿನಲ್ಲೇ 1961ರಲ್ಲಿ ಎರಡನೇ ಕಾರ್ಖಾನೆ ಎಬ್ಬಿಸಿದ ಸರ್ಕಾರಿ ಕಂಪನಿ ಅದು. ಸರ್ಕಾರಿ ಕಂಪನಿ, ಲಾಭ, ಎರಡೂ ಪದ ಒಂದೇ ವಾಕ್ಯದಲ್ಲಿ! ಅಂಥ ಕಾಲವೊಂದಿತ್ತು. ಪಂಜಾಬಿನ ಕಡೆ ಪಿಂಜೋರಿನಲ್ಲಿ 1963ರಲ್ಲಿ ತೆರೆದ ಕಾರ್ಖಾನೆಯಿಂದ ಮಿಲ್ಲಿಂಗ್ ಮೆಷಿನ್‌ಗಳು ಸಾಲು ಸಾಲಾಗಿ ದೇಶದ ತುಂಬ ಹೋದವು.

1991ರ ನಂತರ ಹೊರದೇಶದ ಮಾಲಿಗೆ ಬಾಗಿಲು ತೆರೆಯಿತು. ಕಂಪ್ಯೂಟರ್ ಹೇಳಿದ ಹಾಗೆ ಕೇಳುವ ಸಿಎನ್‌ಸಿ ಮೆಷಿನ್‌ಗಳು ಬಂದವು. ಹಿಡಿ ತಿರುಗಿಸುವ ಯಂತ್ರ ಮೂಲೆಗೆ ಬಿತ್ತು. ಹರಿಹರದಲ್ಲಿ 1941ರಿಂದ ಲೇತು ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿತು. ಹೆಚ್‌ಎಂಟಿಯ ಗಡಿಯಾರ ಕಂಪನಿ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಹೆಚ್‌ಎಂಟಿ ಹೆರಿಟೇಜ್ ಸೆಂಟರ್ ಅಂತ ಮ್ಯೂಸಿಯಂ ತೆರೆದರು. ಟಿಕೆಟ್ ತಗೊಂಡು ನೋಡಬಹುದು.

ಮ್ಯೂಸಿಯಂಗೆ ಹೋಗದ ಮೆಷಿನ್‌ಗಳ ಗತಿ? ಅದೇ ಈಗಿನ ಸಮಾಚಾರ.

ಕೆ.ಜಿ. ಲೆಕ್ಕವೋ, ಕೆಲಸದ ಲೆಕ್ಕವೋ

ಸರ್ಕಾರಿ ಕಾರ್ಖಾನೆಯ ಹಳೇ ಮಾಲು ಹೆಚ್ಚಾಗಿ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಹೋಗುತ್ತೆ. ಹರಾಜಾಗುವುದು ಲಾಟಿನ ಲೆಕ್ಕದಲ್ಲಿ. ಒಂದು ಮಿಲ್ಲು ಬೇಕು ಅಂದವನಿಗೆ ಅದರ ಜೊತೆ ನಾಲ್ಕು ಮುರುಕಲು ಡ್ರಿಲ್ಲಿಂಗ್ ಮೆಷಿನ್ನು, ಒಂದು ಲೋಡು ಬೀರು ಸೇರಿಸಿಯೇ ಕೊಡೋದು. ಹಾಗಾಗಿ ಮನೆಯವರು ಅಲ್ಲಿಗೆ ಹೋಗಿ ಗೆಲ್ಲೋದು ಕಷ್ಟ. ಗೆಲ್ಲೋದು ಗುಜರಿಯವರು. ಅವರ ಲೆಕ್ಕ ಸರಳ. ಬೀಡು ಕಬ್ಬಿಣ ಕೆ.ಜಿ.ಗೆ 30 ರೂಪಾಯಿ ಅಂತಲೇ ಇಟ್ಟುಕೊಳ್ಳಿ. ಎರಡು ಸಾವಿರ ಕೆ.ಜಿ.ಯ ಮೆಷಿನ್ನಿಗೆ 60 ಸಾವಿರ. ಇಡೀ ಮೆಷಿನ್ ಕೊಳ್ಳುವ ಗಿರಾಕಿ ಅದಕ್ಕಿಂತ ಹತ್ತು ಸಾವಿರ ಜಾಸ್ತಿ ಕೊಟ್ಟರೆ ಬದುಕಿತು. ಇಲ್ಲವೋ, ಸುತ್ತಿಗೆ ತಗೊಂಡು ಒಡೆದು ಫೌಂಡ್ರಿಗೆ. ಐವತ್ತು ವರ್ಷ ಕೆಲಸ ಮಾಡಿದ ಯಂತ್ರದ ಆಯಸ್ಸು ಹತ್ತು ಸಾವಿರ ರೂಪಾಯಿಯ ಮೇಲೆ ನಿಂತಿರುತ್ತೆ ನೋಡಿ.

ಕೊಳ್ಳುವವರು ಪೀಣ್ಯದ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದರೆ ಫಳಫಳ ಹಸಿರು ಪೇಂಟು ಹೊಡೆದು ನಿಲ್ಲಿಸಿರುತ್ತಾರೆ. ‘ಕಂಡೀಷನ್ ಫಸ್ಟ್ ಕ್ಲಾಸ್ ಸಾರ್, ಎತ್ತಿಕೊಂಡು ಹೋಗಿ ಸ್ವಿಚ್ ಹಾಕೋದಷ್ಟೇ.’ ಪೇಂಟು ನೋಡಿ ಮೆಷಿನ್ ಕೊಂಡವನು ಪೌಡರು ನೋಡಿ ಹೆಣ್ಣು ಒಪ್ಪಿದವನ ಹಾಗೆ ಅಂತ ಹಳೇ ಫಿಟ್ಟರುಗಳು ನಗ್ತಾರೆ. ನೋಡಬೇಕಾದ್ದು ಬೇರೆ.

ಟೇಬಲ್ಲಿನ ಹಿಡಿಯನ್ನು ಬಲಕ್ಕೆ ತಿರುಗಿಸಿ ನಿಲ್ಲಿಸಿ, ಆಮೇಲೆ ಎಡಕ್ಕೆ ತಿರುಗಿಸಬೇಕು. ಟೇಬಲ್ಲು ಅಲುಗುವ ಮೊದಲು ಹಿಡಿ ಎಷ್ಟು ಸುಮ್ಮನೆ ತಿರುಗಿತು? ಒಂದು ಸುತ್ತಿಗೆ 5 ಮಿ.ಮೀ. ಸರಿಯುವ ಸ್ಕ್ರೂ ಆದರೆ, ಸುತ್ತಿನ ಹತ್ತನೇ ಒಂದು ಭಾಗ ಸುಮ್ಮನೆ ತಿರುಗಿದರೂ ಅರ್ಧ ಮಿ.ಮೀ. ‘ಪ್ಲೇ’ ಇದೆ ಅಂತ ಅರ್ಥ. ಅದು ನಟ್ಟು ಸವೆದಿರುವ ಗುರುತು. ಇದನ್ನು ಬೇಕಾದರೆ ಸಹಿಸಬಹುದು, ಯಾವಾಗಲೂ ಒಂದೇ ಕಡೆಯಿಂದ ಅಳತೆಗೆ ಬಂದರಾಯಿತು. ಇನ್ನೊಂದು ಪರೀಕ್ಷೆ: ಟೇಬಲ್ಲನ್ನು ನಡುವಿಗೆ ತಂದು ಅದರ ಬಿಗಿ ಸರಿ ಮಾಡಿ, ಆಮೇಲೆ ಎರಡೂ ತುದಿಗೆ ಓಡಿಸಬೇಕು. ನಡುವೆ ಸಡಿಲ, ತುದಿಯಲ್ಲಿ ಬಿಗಿ ಅಂದರೆ ನಡುವೆ ಹಳ್ಳ ಬಿದ್ದಿದೆ. ಎಲ್ಲ ಕಾರ್ಖಾನೆಯಲ್ಲೂ ವೈಸು ಕೂರೋದು ನಡುವೆಯೇ, ಕೆಲಸ ನಡೆಯೋದೂ ಅಲ್ಲೇ, ಸವೆಯೋದೂ ಅಲ್ಲೇ. ಮನೆ ಮೆಟ್ಟಿಲು ನಡುವೆ ಸವೆಯೋ ಹಾಗೆ. ಈ ಸವೆತವೇ ದುಬಾರಿ ಕಾಯಿಲೆ. ಆಮೇಲೆ ಸ್ಪಿಂಡಲ್ಲು. ಅರ್ಧ ಗಂಟೆ ಜೋರಾಗಿ ಓಡಿಸಿ ಕೈ ಇಟ್ಟು ನೋಡಬೇಕು. ಬೆಚ್ಚಗಾದರೆ ಸರಿ, ಕೈ ಇಡೋಕಾಗದಷ್ಟು ಸುಟ್ಟರೆ ಬೇರಿಂಗು ಹೋಗಿದೆ. ಸ್ಪಿಂಡಲ್ಲಿನ ಬಾಯಿಯೊಳಗೆ ಡಯಲ್ ಇಟ್ಟು ತಿರುಗಿಸಿದರೆ ಮುಳ್ಳು ಎಷ್ಟು ಕುಣಿಯುತ್ತೆ ಅಂತ ಗೊತ್ತಾಗುತ್ತೆ. ಅಂಗಡಿಯವನು ‘ಕರೆಂಟ್ ಇಲ್ಲ ಸಾರ್’ ಅಂದರೆ ಕರೆಂಟ್ ಇರೋ ದಿನವೇ ಬರ್ತೀವಿ ಅನ್ನಬೇಕು.

ಟೇಬಲ್ಲಿನ ಮೇಲೆ ಡ್ರಿಲ್ಲು ಬಿದ್ದ ಗುಂಡಿಗಳಿದ್ದರೆ ಹೆದರಬೇಕಿಲ್ಲ. ಯಾವನೋ ಅಪ್ರೆಂಟಿಸ್ ಹುಡುಗ ಬೈಸಿಕೊಂಡ ಗುರುತು ಅವು, ಅಷ್ಟೇ.

ಸಿಲ್ಕ್ ಬೋರ್ಡ್ ದಾಟಿಸೋದು

ಪೀಣ್ಯದಿಂದ ಬಿಟಿಎಂಗೆ ಮೆಷಿನ್ ತರೋದು ಮದುವೆ ದಿಬ್ಬಣಕ್ಕಿಂತ ದೊಡ್ಡ ರಗಳೆ. ಹಗಲು ಟ್ರಾಫಿಕ್ ಹೊತ್ತಿನಲ್ಲಿ ಭಾರಿ ವಾಹನಕ್ಕೆ ನಿರ್ಬಂಧ. ಹಾಗಾಗಿ ರಾತ್ರಿಯೇ ಗತಿ. ಆ ಕಡೆ ಒಂದು ಹೈಡ್ರಾ, ಈ ಕಡೆ ಒಂದು ಹೈಡ್ರಾ. ಬಿಟಿಎಂನ ಅಡ್ಡರಸ್ತೆಯಲ್ಲಿ ಎರಡೂ ಬದಿ ಕಾರು ನಿಂತಿರುತ್ತವೆ, ತಲೆ ಮೇಲೆ ಕೇಬಲ್ ಟೀವಿ ವೈರು, ಇಂಟರ್‌ನೆಟ್ ವೈರು, ಕರೆಂಟ್ ವೈರು. ಹೈಡ್ರಾದ ಕೈ ಎತ್ತೋಕೆ ಜಾಗವಿಲ್ಲ. ಗೇಟಿನ ಹೊರಗೇ ಇಳಿಸಿದ ಮೇಲೆ ಹಳೇ ವಿದ್ಯೆಯೇ ದಿಕ್ಕು: ಅಡಿಯಲ್ಲಿ ಮೂರು ನಾಲ್ಕು ಜಿಐ ಪೈಪು, ಕೈಯಲ್ಲಿ ಹಾರೆ, ಗೋಡೆಗೆ ಹೊಡೆದ ಕೊಕ್ಕೆಯಿಂದ ಚೈನ್ ಬ್ಲಾಕು. ‘ಹೈಸಾ!’

ಒಂದು ಮಾತು ಮರೆಯಬಾರದು. ಮಿಲ್ಲಿಂಗ್ ಮೆಷಿನ್ನಿಗೆ ಭಾರವೆಲ್ಲ ತಲೆಯ ಕಡೆ. ಸ್ವಲ್ಪ ವಾಲಿದರೆ ಮಗುಚಿ ಬೀಳುತ್ತೆ. ಹೊರಡುವ ಮೊದಲು ಟೇಬಲ್ ಹೊತ್ತ ಭಾಗವನ್ನು ಪೂರ್ತಿ ಕೆಳಗಿಳಿಸಬೇಕು, ತಲೆ ತಿರುಗುವ ಜಾತಿಯಾದರೆ ತಲೆಯನ್ನು ಕೆಳಮುಖ ಮಾಡಿ ಬಿಗಿಯಬೇಕು. ಬೀಳುವ ಮೆಷಿನ್ನನ್ನು ಕೈಕೊಟ್ಟು ತಡೆಯಲು ಹೋದವರ ಬೆರಳು ಉಳಿಯೋದಿಲ್ಲ. ಬಿದ್ದರೆ ಬೀಳಲಿ, ಕಬ್ಬಿಣ ಮತ್ತೆ ಸಿಗುತ್ತೆ.

30×40 ಸೈಟಿನಲ್ಲಿ ನೆಲಮಹಡಿ ಬಿಟ್ಟು ಬೇರೆಲ್ಲೂ ಇದನ್ನು ಇಡುವ ಮಾತೇ ಇಲ್ಲ. ಟೈಲ್ಸ್ ಮೇಲಂತೂ ಬೇಡ. ಟೈಲ್ಸ್ ಕಿತ್ತು ಗಟ್ಟಿ ಕಾಂಕ್ರೀಟ್ ಹಾಕಿ, ಅರ್ಧ ಅಡಿ ಎತ್ತರಿಸಿಯೇ ಇಡಬೇಕು. ಎತ್ತರ ಯಾಕೆ ಅಂತ ಬಿಟಿಎಂನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಡಿವಾಳ ಕೆರೆ ಪಕ್ಕದಲ್ಲೇ ಇದೆ, ಮಳೆ ಬಂದರೆ ನೀರು ಗೇಟು ತಟ್ಟುತ್ತೆ. 2025ರ ಮೇ ತಿಂಗಳ ಮಳೆಯಲ್ಲಿ ಎರಡನೇ ಹಂತದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನುಗ್ಗಿದ ನೀರನ್ನು ಪಂಪಿನಲ್ಲಿ ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು, ಅದರಲ್ಲೊಬ್ಬ ಪುಟ್ಟ ಹುಡುಗ. ಮನೆಯಲ್ಲಿ ಮೋಟಾರಿನ ಯಂತ್ರ ಇಡುವವರು ಅದನ್ನು ನೆನಪಿಟ್ಟುಕೊಂಡೇ ಅರ್ತಿಂಗ್ ಹಾಕಿಸಬೇಕು, ಸ್ವಿಚ್ಚು ಸೊಂಟದ ಎತ್ತರಕ್ಕಿರಬೇಕು, ಸೋರಿಕೆಯಾದರೆ ತಾನೇ ಬೀಳುವ ಬ್ರೇಕರ್ ಇರಬೇಕು. ಉಳಿತಾಯ ಮಾಡುವ ಜಾಗ ಇದಲ್ಲ.

ಮೂರು ಫೇಸಿನ ಮೂಗುದಾರ

ಮೆಷಿನ್ ಬಂತು, ನಿಂತಿತು. ಪ್ಲಗ್ಗು ಹಾಕೋಣ ಅಂದರೆ ಹಾಗೆ ಆಗೋದಿಲ್ಲ. ಕಾರ್ಖಾನೆ ಮೋಟಾರು ಮೂರು ಫೇಸು ಕೇಳುತ್ತೆ. ಮನೆಗಿರೋದು ಎಷ್ಟೋ ಕಡೆ ಒಂದೇ ಫೇಸು. ಈಗ ವಿಎಫ್‌ಡಿ ಅಂತ ಒಂದು ಡಬ್ಬ ಸಿಗುತ್ತೆ. ಒಂದು ಫೇಸು ತಗೊಂಡು ಮೂರು ಫೇಸು ಕೊಡುತ್ತೆ, ವೇಗವನ್ನೂ ಹೆಚ್ಚು ಕಡಿಮೆ ಮಾಡಬಹುದು. ಎಸ್.ಪಿ. ರೋಡಿನಲ್ಲಿ ಕೇಳಿದರೆ ‘ಮೂರು ಹೆಚ್‌ಪಿಗೆ ಕೊಡ್ಲಾ ಅಣ್ಣ?’ ಅಂತ ಎತ್ತಿಕೊಡ್ತಾರೆ. ಆದರೆ ಆ ಡಬ್ಬ ಕೊಡೋದು 230 ವೋಲ್ಟಿನ ಮೂರು ಫೇಸು, ಹಳೇ ಮೋಟಾರು ಬೇಡೋದು 415. ಮೋಟಾರಿನ ತಗಡಿನ ಮೇಲೆ ಸ್ಟಾರ್‌ಗೆ 415, ಡೆಲ್ಟಾಗೆ 230–240 ಅಂತ ಎರಡೂ ಬರೆದಿದ್ದರೆ ಅದೃಷ್ಟ, ತಂತಿ ಬದಲಿಸಿ ಡೆಲ್ಟಾ ಮಾಡಿದರಾಯಿತು. ಡೆಲ್ಟಾಗೇ 415 ಅಂತಿದ್ದರೆ ಮೋಟಾರ್ ವೈಂಡಿಂಗ್ ಅಂಗಡಿ ಮೆಟ್ಟಿಲು ಹತ್ತಬೇಕು, ಇಲ್ಲವೇ ಬೆಸ್ಕಾಂಗೆ ಅರ್ಜಿ ಹಾಕಿ ಮೂರು ಫೇಸು ಮೀಟರು ತಗೋಬೇಕು. ಇದನ್ನು ನೋಡದೆ ಡಬ್ಬ ಕೊಂಡವರು ‘ಮೋಟಾರು ಗುಯ್ ಅಂತಿದೆ, ಕಟರ್ ಇಟ್ಟರೆ ನಿಂತುಹೋಗ್ತಿದೆ’ ಅಂತ ವಾಪಸ್ ಎಸ್.ಪಿ. ರೋಡಿಗೆ ಅಲೆಯುತ್ತಾರೆ.

ಕಾನೂನಿನ ಮಾತೂ ಇದೆ. ತನ್ನ ಹವ್ಯಾಸಕ್ಕೆ ಮನೆಯಲ್ಲಿ ಏನೋ ಕೊರೆದುಕೊಂಡರೆ ಅದು ಬೇರೆ. ಬೋರ್ಡು ಹಾಕಿ ಜಾಬ್ ವರ್ಕು ಶುರು ಮಾಡಿದರೆ ಅದು ಧಂದೆ. ಮನೆ ಮೀಟರಿನಲ್ಲಿ ಧಂದೆ ನಡೆಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅಂದಾಜು ಹಾಕಿ ದರದ ಎರಡು ಪಟ್ಟು ವಸೂಲಿ ಮಾಡಬಹುದು. ಸದ್ದಿನ ಲೆಕ್ಕವೂ ಇದೆ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರು. ನಿಜ ಹೇಳಬೇಕೆಂದರೆ ಒಳ್ಳೇ ಸ್ಥಿತಿಯ ಮಿಲ್ಲು ಮಿಕ್ಸಿಗಿಂತ ಕಡಿಮೆ ಗಲಾಟೆ ಮಾಡುತ್ತೆ. ಆದರೂ ರಾತ್ರಿ ಹನ್ನೊಂದಕ್ಕೆ ಕಟರ್ ಓಡಿಸಿ ಪಕ್ಕದವರ ಮಗು ಎಬ್ಬಿಸಿದರೆ ಯಾವ ಡೆಸಿಬೆಲ್ಲೂ ಕಾಪಾಡೋದಿಲ್ಲ.

ಬಿಚ್ಚಿದ ಮೇಲೆ ಗೊತ್ತಾಗೋದು

ರಿಪೇರಿ ಶುರುವಾಗೋದು ಸ್ಪ್ಯಾನರಿನಿಂದಲ್ಲ, ಕೆರೆಯೋದರಿಂದ. ಹಳೇ ಗ್ರೀಸು, ಕಬ್ಬಿಣದ ಪುಡಿ, ಕೂಲೆಂಟು ಎಲ್ಲ ಸೇರಿ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿರುತ್ತೆ. ಸೀಮೆಎಣ್ಣೆ ಈಗ ಸಿಗೋದು ಕಷ್ಟ, ಡೀಸೆಲ್ಲೇ ಗತಿ. ಎಣ್ಣೆ ಹೋಗುವ ಸಣ್ಣ ತಾಮ್ರದ ಪೈಪುಗಳು ಕಟ್ಟಿಕೊಂಡಿರುತ್ತವೆ. ಮುಕ್ಕಾಲು ಪಾಲು ಸವೆತಕ್ಕೆ ಕಾರಣ ಇದೇ ಅಂತ ಬಿಚ್ಚಿದ ಮೇಲೆ ಕಾಣುತ್ತೆ. ಎಣ್ಣೆ ಹಾಕುವ ಹಿಡಿ ಎಳೆದರೂ ಎಣ್ಣೆ ತಲುಪದೆ ಕಬ್ಬಿಣ ಕಬ್ಬಿಣವನ್ನೇ ತಿಂದಿರುತ್ತೆ. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವವರು ಜಾಣರು. ಮೂರು ತಿಂಗಳಾದ ಮೇಲೆ ಡಬ್ಬಿ ತುಂಬ ವಾಷರು ಉಳಿದರೆ ಯಾರನ್ನು ಕೇಳೋದು?

ತುಕ್ಕು ತೆಗೆಯಲು ಗ್ರೈಂಡರ್ ಹಿಡಿಯೋದು, ಟೇಬಲ್ಲು ಜಾರುವ ಮೈಯನ್ನು ಎಮರಿ ಪೇಪರಿನಲ್ಲಿ ಉಜ್ಜೋದು, ಇವೆರಡು ಮಹಾಪಾಪ. ಎಮರಿಯ ಹರಳು ಬೀಡಿನೊಳಗೆ ಹೂತು ಕೂತು, ಆಮೇಲೆ ವರ್ಷಗಟ್ಟಲೆ ಅರದ ಹಾಗೆ ತೇಯುತ್ತಿರುತ್ತೆ.

ನಡುವೆ ಹಳ್ಳ ಬಿದ್ದ ಮೈಯನ್ನು ಮತ್ತೆ ಸಮ ಮಾಡೋದು ಹೇಗೆ? ಇಲ್ಲಿ ಬರುತ್ತೆ ಸ್ಕ್ರೇಪಿಂಗ್. ಪೂರ್ತಿ ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ತೆಳ್ಳಗೆ ನೀಲಿ ಬಳಿದು ಮೆಷಿನ್ನಿನ ಮೈಮೇಲೆ ಉಜ್ಜಬೇಕು. ಎಲ್ಲಿ ಎತ್ತರ ಇದೆಯೋ ಅಲ್ಲಿ ನೀಲಿ ಹತ್ತುತ್ತೆ. ಆ ನೀಲಿ ಚುಕ್ಕೆಗಳನ್ನು ಮಾತ್ರ ಕೈ ಸ್ಕ್ರೇಪರಿನಿಂದ ಕೆರೆಯಬೇಕು. ಒಂದು ಸಲಕ್ಕೆ ಹೋಗೋದು ಕೆಲವು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಲೆಕ್ಕ. ಮತ್ತೆ ನೀಲಿ, ಮತ್ತೆ ಕೆರೆತ. ಇಂಚಿಗಿಂಚು ಚೌಕದಲ್ಲಿ ಹತ್ತು ಹದಿನೈದು ಚುಕ್ಕೆ ಸಮನಾಗಿ ಬರುವವರೆಗೆ ಇದೇ ಜಪ. ಆ ಚುಕ್ಕೆಗಳ ನಡುವಿನ ಸಣ್ಣ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತೆ, ಟೇಬಲ್ಲು ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರುತ್ತೆ. ಹೊಸ ಮೆಷಿನ್ನಿನ ಮೈಮೇಲೆ ಮೀನಿನ ಪೊರೆಯ ಹಾಗೆ ಕಾಣುವ ಚಿತ್ತಾರ ಇರುತ್ತಲ್ಲ, ಅದು ಚೆಂದಕ್ಕೆ ಬಿಡಿಸಿದ್ದಲ್ಲ, ಯಾರೋ ಒಬ್ಬ ಫಿಟ್ಟರಿನ ಸೊಂಟದ ನೋವು.

ಒಂದು ಟೇಬಲ್ಲಿಗೆ ವಾರಗಟ್ಟಲೆ ಹಿಡಿಯುತ್ತೆ. ಕಾರ್ಖಾನೆಯಲ್ಲಿ ಈ ಕೆಲಸ ಮಾಡಿದವರ ತಲೆಮಾರು ಈಗ ಎಪ್ಪತ್ತು ದಾಟಿದೆ. ಕಣ್ಣು ಮಂಜು, ಮೊಣಕಾಲು ನೋವು. ಸ್ಕ್ರೇಪರ್ ಹಿಡಿಯುವ ಕೋನ, ಕೈಯ ಒತ್ತು, ನೀಲಿ ಎಷ್ಟು ತೆಳ್ಳಗಿರಬೇಕು ಅನ್ನೋದು ಪುಸ್ತಕದಲ್ಲಿ ಬರೆದಿದ್ದರೂ ಕೈಗೆ ಬರೋದು ಪಕ್ಕದಲ್ಲಿ ಒಬ್ಬರು ನಿಂತು ‘ಅಲ್ಲ ಕಣೋ, ಹಾಗಲ್ಲ’ ಅಂತ ಬೈದಾಗ ಮಾತ್ರ. 1962ರಲ್ಲಿ ಜೆಕೊಸ್ಲೊವಾಕಿಯಾದ ನೆರವಿನಿಂದ ತುಮಕೂರು ರಸ್ತೆಯಲ್ಲಿ ಶುರುವಾದ ಸಿಎಂಟಿಐ ಹೊರತಂದ ಮೆಷಿನ್ ಟೂಲ್ ಡಿಸೈನ್ ಹ್ಯಾಂಡ್‌ಬುಕ್ ಇವತ್ತಿಗೂ ಈ ಕಸುಬಿನವರ ಪಂಚಾಂಗ. 1972ರಿಂದ ಇರುವ ಜಿಟಿಟಿಸಿ ಇದೆ, ಹೊಸೂರು ರಸ್ತೆಯಲ್ಲಿ ಸರ್ಕಾರಿ ಐಟಿಐ ಇದೆ. ಹುಡುಗರು ಕಲಿಯುತ್ತಾರೆ, ಆದರೆ ಕೆಲಸ ಸಿಗೋದು ಸಿಎನ್‌ಸಿಯಲ್ಲಿ. ಅವರನ್ನು ದೂರುವ ಹಾಗಿಲ್ಲ, ಹೊಟ್ಟೆಪಾಡು. ಆದರೆ ಬಿಟಿಎಂನಲ್ಲಿ ಹಳೇ ಮೆಷಿನ್ ತಂದಿಟ್ಟುಕೊಂಡವರಿಗೆ ಬೇಕಾದ ನಿಜವಾದ ಸಾಮಾನು ಬೇರಿಂಗಲ್ಲ, ಬೆಲ್ಟಲ್ಲ. ಪಕ್ಕದ ರಸ್ತೆಯಲ್ಲಿ ಬೆಳಗ್ಗೆ ಹಾಲು ತರಲು ಹೋಗುವ ಆ ಹಿರಿಯರು. ಅವರು ಇರುವಾಗಲೇ ಕರೆದು ಒಂದು ಲೋಟ ಕಾಫಿ ಕೊಟ್ಟು ಕೂರಿಸಬೇಕು. ‘ಯಜಮಾನ್ರೇ, ಸ್ವಲ್ಪ ಬಂದು ಈ ಟೇಬಲ್ ನೋಡ್ತೀರಾ?’ ಅಂದರೆ ಇಲ್ಲ ಅನ್ನುವ ಹಳೇ ಫಿಟ್ಟರು ಸಿಗೋದು ಕಷ್ಟ.

ಆನೆಗಿಂತ ಅಂಕುಶ ದುಬಾರಿ

ಮೆಷಿನ್ ಸರಿಯಾಯಿತು. ಈಗ ಶುರು ನಿಜವಾದ ಖರ್ಚು. ಹಲ್ಲಿಲ್ಲದ ಬಾಯಿ ಇಟ್ಟುಕೊಂಡು ಏನು ಮಾಡೋದು? ವೈಸು ಬೇಕು, ಅದೂ ಡ್ರಿಲ್ಲಿಂಗಿನ ಅಗ್ಗದ ವೈಸಲ್ಲ. ಕಟರ್ ಹಿಡಿಯಲು ಕಾಲೆಟ್ ಚಕ್ಕು ಬೇಕು, ಅಡ್ಡ ಮಿಲ್ಲಾದರೆ ಆರ್ಬರ್ ಬೇಕು. ಕಟರ್‌ಗಳು, ಜಾಬ್ ಬಿಗಿಯುವ ಕ್ಲ್ಯಾಂಪು, ಡಯಲ್ಲು. ಕೊಳ್ಳುವ ಮೊದಲು ಸ್ಪಿಂಡಲ್ಲಿನ ಬಾಯಿ ಯಾವ ಟೇಪರು ಅಂತ ತಿಳಿದುಕೊಂಡಿರಬೇಕು. ಐಎಸ್‌ಓ 40 ಆದರೆ ಸಾಮಾನು ಸುಲಭವಾಗಿ ಸಿಗುತ್ತೆ. ಮೇಲಿನಿಂದ ಎಳೆದು ಬಿಗಿಯುವ ಉದ್ದನೆ ಬೋಲ್ಟು ಎಂ16 ಇರಬಹುದು, ಹಳೇ ಮೆಷಿನ್ನಾದರೆ ಇಂಚಿನ ಮರೆಯೂ ಇರಬಹುದು. ಬಾಯಿಗೆ ಸರಿಹೋಗದ ಟೂಲ್ ಕೊಂಡವರು ಬೇಕಾದಷ್ಟು ಜನ. ಮೆಷಿನ್ನಿಗೆ ಕೊಟ್ಟಷ್ಟೇ ದುಡ್ಡು ಟೂಲಿಗೂ ಎತ್ತಿಡಬೇಕು ಅನ್ನೋದು ಕಸುಬಿನ ಹಳೇ ಲೆಕ್ಕ.

ಗೇರು ಕೊರೆಯುವ ಆಸೆಯಿದ್ದರೆ ಡಿವೈಡಿಂಗ್ ಹೆಡ್ಡು ಬೇಕು. ಇದೊಂದು ಸೊಗಸಾದ ಸಾಮಾನು, ಲೆಕ್ಕ ಬಲ್ಲ ಅಂಗಡಿಯವರಿಗೆ ತಕ್ಷಣ ಹಿಡಿಸುತ್ತೆ. ಇದರ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಜಾಬು ಒಂದು ಸುತ್ತು ತಿರುಗುತ್ತೆ. 24 ಹಲ್ಲಿನ ಗೇರು ಬೇಕು ಅಂದುಕೊಳ್ಳಿ. 40ನ್ನು 24ರಿಂದ ಭಾಗಿಸಿ: ಒಂದು ಪೂರ್ತಿ, ಮೂರರಲ್ಲಿ ಎರಡು ಭಾಗ. ಆ ಮೂರರಲ್ಲಿ ಎರಡು ಭಾಗ ಕಣ್ಣಳತೆಯಲ್ಲಿ ಬರೋದಿಲ್ಲ. ಅದಕ್ಕೇ ತೂತಿನ ತಟ್ಟೆ. 15 ತೂತಿನ ವೃತ್ತದಲ್ಲಿ 10 ತೂತು ಮುಂದೆ ಹೋದರೆ ಲೆಕ್ಕ ಸರಿ. ಪ್ರತಿ ಹಲ್ಲಿಗೆ ಒಂದು ಸುತ್ತು, ಹತ್ತು ತೂತು. 24 ಸಲ ಮಾಡಿದರೆ ಹೊರಟ ಜಾಗಕ್ಕೇ ಬಂದಿರಬೇಕು. ಎಣಿಸುವಾಗ ಮೊಬೈಲ್ ರಿಂಗಾಗಿ ಒಂದು ತೂತು ತಪ್ಪಿತೋ, ಕೊನೆಯ ಹಲ್ಲು ಬೋಡು.

ಟೇಬಲ್ಲಿಗೆ ಈಗ ಡಿಆರ್‌ಓ ಅಂತ ಅಂಕಿ ತೋರಿಸುವ ಗಾಜಿನ ಸ್ಕೇಲು ಹಾಕ್ತಾರೆ. ಟೇಬಲ್ಲು ನಿಜವಾಗಿ ಎಷ್ಟು ಸರಿಯಿತು ಅಂತ ಅದು ತೋರಿಸುವುದರಿಂದ ಸವೆದ ನಟ್ಟಿನ ಸುಳ್ಳು ಲೆಕ್ಕಕ್ಕೆ ಬರೋದಿಲ್ಲ. ಹಳೇ ಮೆಷಿನ್ನಿಗೆ ಇದಕ್ಕಿಂತ ಒಳ್ಳೇ ಕನ್ನಡಕ ಇಲ್ಲ. ಆದರೆ ಒಂದು ವಿಷಯದಲ್ಲಿ ಡಿಆರ್‌ಓ ಏನೂ ಮಾಡಲಾರದು. ಕಟರ್ ತಿರುಗುವ ದಿಕ್ಕಿಗೇ ಜಾಬನ್ನು ತಳ್ಳಿದರೆ, ಸಡಿಲ ನಟ್ಟಿನ ಮೆಷಿನ್ನಿನಲ್ಲಿ ಕಟರ್ರೇ ಟೇಬಲ್ಲನ್ನು ಒಳಕ್ಕೆಳೆದುಕೊಳ್ಳುತ್ತೆ. ಇಳಿಜಾರಿನಲ್ಲಿ ಬ್ರೇಕ್ ಹೋದ ಬಸ್ಸಿನ ಹಾಗೆ. ಕಟರ್ ಮುರಿಯುತ್ತೆ, ಜಾಬು ಹಾರುತ್ತೆ. ಹಳೇ ಮೆಷಿನ್ನಿನಲ್ಲಿ ಯಾವಾಗಲೂ ಕಟರ್‌ಗೆ ಎದುರಾಗಿಯೇ ತಳ್ಳಬೇಕು.

ವೇಗದ ಲೆಕ್ಕವೂ ಇಷ್ಟೇ. ಸಾಧಾರಣ ಹೆಚ್‌ಎಸ್‌ಎಸ್ ಕಟರ್ ಮೆತ್ತಗಿನ ಉಕ್ಕನ್ನು ನಿಮಿಷಕ್ಕೆ 25 ಮೀಟರ್ ಆಸುಪಾಸಿನಲ್ಲಿ ಕತ್ತರಿಸಬೇಕು. 10 ಮಿ.ಮೀ. ಕಟರ್‌ಗೆ ಅದು 800 ಸುತ್ತು, 20 ಮಿ.ಮೀ.ಗೆ 400. ಕಟರ್ ದಪ್ಪವಾದಷ್ಟೂ ನಿಧಾನ. ಜೋರಾಗಿ ಓಡಿಸಿದರೆ ಬೇಗ ಮುಗಿಯುತ್ತೆ ಅಂದುಕೊಂಡವರ ಕಟರ್ ನೀಲಿಗಟ್ಟಿ ಸುಟ್ಟುಹೋಗುತ್ತೆ. ಮತ್ತೆ, ಲುಂಗಿ ಉಟ್ಟು, ಕೈಗೆ ಗ್ಲೌಸ್ ಹಾಕಿ, ತುಂಬುತೋಳಿನ ಶರ್ಟು ತೊಟ್ಟು ತಿರುಗುವ ಕಟರ್ ಹತ್ತಿರ ಹೋಗುವ ಹಾಗಿಲ್ಲ. ಗ್ಲೌಸ್ ಕೈ ಕಾಯುತ್ತೆ ಅನ್ನೋದು ಇಲ್ಲಿ ಉಲ್ಟಾ, ದಾರ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಂಡು ಹೋಗುತ್ತೆ. ಚಿಪ್ಸ್ ತೆಗೆಯಲು ಬ್ರಷ್ಷು, ಬೆರಳಲ್ಲ.

ಇಷ್ಟೆಲ್ಲ ಯಾಕೆ?

ಮನೆಯವರು ಕೇಳೋದೂ ಇದನ್ನೇ. ‘ಸ್ಕೂಟರ್ ಎಲ್ಲಿ ನಿಲ್ಲಿಸೋದು ರೀ? ಮಳೇಲಿ ನೆನೀತಾ ಇದೆ.’ ಉತ್ತರ ಕೊಡೋದು ಕಷ್ಟ. ದುಡ್ಡಿನ ಲೆಕ್ಕದಲ್ಲಿ ಇದು ಯಾವತ್ತೂ ಕೂಡೋದಿಲ್ಲ, ಕೂಡುತ್ತೆ ಅಂತ ಹೇಳುವವರನ್ನು ನಂಬಬಾರದು.

ಆದರೆ ಬೀದಿಯ ಲೆಕ್ಕ ಬೇರೆ. ಮುಂಚೆ ಎಲ್ಲ ಬಡಾವಣೆಯಲ್ಲೂ ಒಂದು ಮೆಷಿನ್ ಶಾಪು ಇರುತ್ತಿತ್ತು. ಬಾಡಿಗೆ ಏರಿತು, ಶೆಡ್ಡು ಹೋಗಿ ಪಿ.ಜಿ. ಬಂತು, ಟೀ ಅಂಗಡಿ ಬಂತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಓಡತೊಡಗಿ ಬಿಟಿಎಂ ಲೇಔಟ್ ಹೆಸರಿನದೇ ಒಂದು ಸ್ಟೇಷನ್ ಆದ ಮೇಲೆ ಜಾಗದ ಬೆಲೆ ಕೇಳೋದೇ ಬೇಡ. ಅಂಗಡಿಯ ರೋಲಿಂಗ್ ಶಟರಿನ ಗೇರು ಹಲ್ಲು ಮುರಿದರೆ, ಹೋಟೆಲಿನ ದೊಡ್ಡ ಗ್ರೈಂಡರಿನ ಶಾಫ್ಟು ತೇಯ್ದರೆ ಪೀಣ್ಯಕ್ಕೆ ಓಡಬೇಕು. ಅಲ್ಲಿ ಒಂದು ಪೀಸು ಮಾಡಿ ಕೊಡುವವರು ಯಾರು? ಐನೂರು ಪೀಸು ಇದ್ದರೆ ತನ್ನಿ ಅಂತಾರೆ. ‘ಹೊಸದೇ ತಗೊಳ್ಳಿ ಸಾರ್, ಇದಕ್ಕೆ ಪಾರ್ಟು ಬರಲ್ಲ’ ಅನ್ನುವ ಮಾತು ಎಲ್ಲ ಅಂಗಡಿಯವರೂ ಕೇಳಿದ್ದಾರೆ. ಪಾರ್ಟು ಬರೋದಿಲ್ಲ, ನಿಜ. ಆದರೆ ಮಾಡಬಹುದು. ಮಾಡುವ ಯಂತ್ರ ಅಡ್ಡರಸ್ತೆಯ ಒಂದು ಮನೆಯಲ್ಲಿ ನಿಂತಿದ್ದರೆ.

ಉದಾಹರಣೆಗೆ ಸಂಪಿನ ಪಂಪಿನ 25 ಮಿ.ಮೀ. ಶಾಫ್ಟು. ಕೀ ಕಿತ್ತುಹೋಗಿ ಗಾಡಿ ಅಗಲವಾಗಿದೆ. ಶಾಫ್ಟು ತಿರುಗಿಸಿ ಎದುರು ಬದಿಯಲ್ಲಿ ಹೊಸ ಗಾಡಿ ಹೊಡೆದರಾಯಿತು. ಈ ಗಾತ್ರಕ್ಕೆ ಪಟ್ಟಿಯಲ್ಲಿರೋದು 8 ಮಿ.ಮೀ. ಅಗಲ, 4 ಮಿ.ಮೀ. ಆಳ. ವೈಸಿನಲ್ಲಿ ವಿ-ಬ್ಲಾಕ್ ಇಟ್ಟು ಶಾಫ್ಟು ಬಿಗಿ, ಡಯಲ್ ಹಿಡಿದು ನಡುಮಧ್ಯ ಹುಡುಕು, 8 ಮಿ.ಮೀ. ಸ್ಲಾಟ್ ಡ್ರಿಲ್ಲು, 1000 ಸುತ್ತು, ಒಂದು ಸಲಕ್ಕೆ ಒಂದು ಮಿ.ಮೀ. ಆಳ, ಹಾಲಿನ ಹಾಗೆ ಬೆಳ್ಳಗಿನ ಕೂಲೆಂಟು ಸುರಿಸುತ್ತ ನಾಲ್ಕು ಸಲ. ಸಜ್ಜು ಮಾಡೋಕೆ ಅರ್ಧ ಗಂಟೆ, ಕೊರೆಯೋಕೆ ಹತ್ತು ನಿಮಿಷ. ಆಮೇಲೆ ಅರ ಹಿಡಿದು ಅಂಚಿನ ಬರ್ರು ತೆಗೆದು, ಹೊಸ ಕೀ ತಟ್ಟಿ ಕೂರಿಸಿದರೆ ಸಂಜೆಗೆ ಟ್ಯಾಂಕು ತುಂಬಿರುತ್ತೆ.